ನೈಸಿಯಾದಲ್ಲಿ ಓಟು ಹಾಕಿ ಯೇಸುವನ್ನು ದೇವರು ಮಾಡಿದರೇ?

ಪ್ರಶ್ನೆ: ನಾನು ಧಾರವಾಡದ ಕಡೆಯವಳು. ನಮ್ಮ ಸಭೆಯಲ್ಲಿ ದೊಡ್ಡ ಮಕ್ಕಳಿಗೆ ಸಂಡೇ ಸ್ಕೂಲ್ ಪಾಠ ಮಾಡುತ್ತೇನೆ. ಹೋದ ತಿಂಗಳು ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಕ್ರಿ.ಶ. 325ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯಾ ಎಂಬ ಊರಲ್ಲಿ ಬಿಷಪ್ಪರನ್ನೆಲ್ಲ ಕೂಡಿಸಿ, ಓಟು ಹಾಕಿಸಿ, ಯೇಸು ದೇವರು ಎಂದು ತೀರ್ಮಾನ ಮಾಡಿಸಿದನಂತೆ. ಅಲ್ಲಿಯವರೆಗೆ ಯೇಸು ಬರೀ ಪ್ರವಾದಿಯಂತೆ. ಒಪ್ಪದ ಅರಿಯಸ್ ಎಂಬವನನ್ನು ಗಡಿಪಾರು ಮಾಡಿ ಅವನ ಪುಸ್ತಕಗಳನ್ನು ಸುಟ್ಟರಂತೆ. ಬೈಬಲ್ಲಿನಲ್ಲಿ ಯಾವ ಪುಸ್ತಕ ಇರಬೇಕು ಎಂದು ಆರಿಸಿದ್ದೂ ಅಲ್ಲೇ ಅಂತೆ. "ಟೀಚರ್, ಇದು ನಿಜಾನಾ?" ಅಂದ. ನನಗೆ ಉತ್ತರ ಗೊತ್ತಿರಲಿಲ್ಲ. ಸಭೆಯ ಹಿರಿಯರೊಬ್ಬರನ್ನು ಕೇಳಿದರೆ, "ಅದೆಲ್ಲ ಸೈತಾನನ ಕೆಲಸ, ಮಕ್ಕಳ ಮುಂದೆ ಎತ್ತಲೇ ಬೇಡ" ಅಂದರು. ಸಂಸ್ಕಾರದ ಆರಾಧನೆಯಲ್ಲಿ ನಾವು ನೈಸಿಯ ವಿಶ್ವಾಸ ಪ್ರಮಾಣ ಹೇಳುತ್ತೇವೆ. ಈಗ ಅದನ್ನು ಹೇಳುವಾಗ ನಾಲಿಗೆ ತಡವರಿಸುತ್ತದೆ. ನಿಜ ಏನು? ಮಕ್ಕಳಿಗೆ ಎಷ್ಟು ಹೇಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ನಾವು ನಂಬಿಕೊಂಡು ಬಂದದ್ದು ಒಬ್ಬ ಚಕ್ರವರ್ತಿ ಕಟ್ಟಿಸಿದ ಕಥೆಯೋ ಏನೋ ಎಂಬುದು ಒಂದು. ಮಕ್ಕಳ ಮುಂದೆ ಸುಳ್ಳು ಹೇಳಬೇಕಾಗುತ್ತದೋ ಏನೋ ಎಂಬುದು ಇನ್ನೊಂದು. ನಾನು ಬಹಳ ವರ್ಷಗಳಿಂದ ಸಭಾ ಚರಿತ್ರೆ ಪಾಠ ಮಾಡುತ್ತಿದ್ದೇನೆ. ಈ ಪ್ರಶ್ನೆ ನನಗೆ ಹೊಸದಲ್ಲ. 2025ಕ್ಕೆ ನೈಸಿಯಾ ಸಭೆಗೆ 1700 ವರ್ಷ ತುಂಬಿತು. ಅದಾದ ಮೇಲೆ ಇಂಥ ವಿಡಿಯೊಗಳು ಜಾಸ್ತಿಯಾಗಿವೆ. ನಿಮ್ಮ ಹುಡುಗ ನೋಡಿದ್ದರಲ್ಲಿ ಅರ್ಧ ತಪ್ಪಿದೆ, ಅರ್ಧ ಸರಿ ಇದೆ. ಸರಿ ಇರುವ ಅರ್ಧವನ್ನು ಮುಚ್ಚಿಟ್ಟರೆ ತಪ್ಪಿರುವ ಅರ್ಧವನ್ನೂ ಅವನು ನಂಬುತ್ತಾನೆ. ಅದಕ್ಕೇ ಎರಡನ್ನೂ ಬಿಡಿಸಿ ಹೇಳುತ್ತೇನೆ.

ಬೈಬಲ್ಲಿನ ವಿಷಯ ಬೇಗ ಮುಗಿಯುತ್ತದೆ. ನೈಸಿಯಾದಲ್ಲಿ ಬೈಬಲ್ ಪುಸ್ತಕಗಳ ಪಟ್ಟಿ ಮಾಡಲಿಲ್ಲ. ಆ ಸಭೆ ಮಾಡಿದ 20 ನಿಯಮಗಳು ನಮಗೆ ಉಳಿದಿವೆ. ಬಿಷಪ್ಪರನ್ನು ನೇಮಿಸುವುದು ಹೇಗೆ, ರೋಮನ್ ಸರ್ಕಾರ ಕ್ರೈಸ್ತರನ್ನು ಹಿಂಸಿಸಿದ ಕಾಲದಲ್ಲಿ ನಂಬಿಕೆ ಬಿಟ್ಟು ಹೋದವರನ್ನು ಮತ್ತೆ ಸೇರಿಸಿಕೊಳ್ಳುವುದು ಹೇಗೆ, ಪಾದ್ರಿಗಳು ಬಡ್ಡಿ ವ್ಯವಹಾರ ಮಾಡಬಹುದೇ, ಇಂಥವು ಅಲ್ಲಿವೆ. ಈಸ್ಟರ್ ಯಾವ ದಿನ ಎಂಬುದೂ ಅಲ್ಲಿ ಚರ್ಚೆಯಾಯಿತು. ಪುಸ್ತಕಗಳ ಪಟ್ಟಿ ಮಾತ್ರ ಇಲ್ಲ. ನಮ್ಮ ಹೊಸ ಒಡಂಬಡಿಕೆಯ 27 ಪುಸ್ತಕಗಳು, ಅಷ್ಟೇ ಮತ್ತು ಅವೇ, ಮೊದಲ ಸಲ ಒಟ್ಟಿಗೆ ಕಾಣಿಸುವುದು 367ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಬರೆದ ಈಸ್ಟರ್ ಪತ್ರದಲ್ಲಿ. ನೈಸಿಯಾ ಮುಗಿದು ಆಗ 42 ವರ್ಷವಾಗಿತ್ತು. ಸಂತ ನಿಕೊಲಾಸ್ ಸಭೆಯಲ್ಲೇ ಅರಿಯಸನ ಕೆನ್ನೆಗೆ ಬಾರಿಸಿದ ಎಂಬ ಕಥೆಯೂ ಕ್ರಿಸ್ಮಸ್ ಸಮಯದಲ್ಲಿ ಓಡಾಡುತ್ತದೆ. ಅದು ಹುಟ್ಟಿದ್ದು ಎಷ್ಟೋ ಶತಮಾನ ಕಳೆದ ಮೇಲೆ. ಅದನ್ನೂ ಬಿಟ್ಟುಬಿಡಿ.

"ಅಲ್ಲಿಯವರೆಗೆ ಬರೀ ಪ್ರವಾದಿ" ಎನ್ನುವ ಮಾತನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು.

ಸುಮಾರು 112ರಲ್ಲಿ, ನೈಸಿಯಾ ಊರಿದ್ದ ಅದೇ ಬಿಥೂನ್ಯ ಪ್ರಾಂತ್ಯಕ್ಕೆ ಪ್ಲಿನಿ ಎಂಬ ರೋಮನ್ ಅಧಿಕಾರಿ ಗವರ್ನರ್ ಆಗಿದ್ದ. ಅವನು ಕ್ರೈಸ್ತನಲ್ಲ. ಕ್ರೈಸ್ತರನ್ನು ಹಿಡಿದು ವಿಚಾರಣೆ ಮಾಡುತ್ತಿದ್ದವನು. ಅವರು ಏನು ಮಾಡುತ್ತಾರೆ ಎಂದು ಚಕ್ರವರ್ತಿ ತ್ರಾಜನನಿಗೆ ವರದಿ ಬರೆದ. ಗೊತ್ತಾದ ದಿನ ಬೆಳಕು ಹರಿಯುವ ಮೊದಲೇ ಸೇರುತ್ತಾರೆ, ದೇವರಿಗೆ ಹಾಡುವಂತೆ ಕ್ರಿಸ್ತನಿಗೆ ಹಾಡುತ್ತಾರೆ ಎಂದು ಅದರಲ್ಲಿದೆ. ನೈಸಿಯಾ ಸಭೆಗೆ ಇನ್ನೂ ಇನ್ನೂರು ವರ್ಷಕ್ಕಿಂತ ಹೆಚ್ಚು ಬಾಕಿ ಇತ್ತು.

ಇನ್ನೊಂದು ಸಾಕ್ಷಿ ನನಗೆ ತುಂಬ ಇಷ್ಟ. 2005ರಲ್ಲಿ ಇಸ್ರೇಲಿನ ಮೆಗಿದ್ದೋ ಎಂಬಲ್ಲಿ ಜೈಲಿನ ಆವರಣ ಅಗೆಯುವಾಗ ಹಳೆಯ ಆರಾಧನಾ ಕೋಣೆಯೊಂದರ ನೆಲ ಸಿಕ್ಕಿತು. ಸಣ್ಣ ಸಣ್ಣ ಬಣ್ಣದ ಕಲ್ಲು ಕೂರಿಸಿ ಮಾಡಿದ ನೆಲ, ನಡುವೆ ಮೀನಿನ ಚಿತ್ರ. ಅಗೆದವರು ಅದನ್ನು ಸುಮಾರು 230ರ ಕಾಲದ್ದು ಎನ್ನುತ್ತಾರೆ. ನೆಲದ ಖರ್ಚು ಕೊಟ್ಟವನು ಒಬ್ಬ ರೋಮನ್ ಸೇನೆಯ ಶತಾಧಿಪತಿ. ಅಕೆಪ್ತೂಸ್ ಎಂಬ ಹೆಂಗಸು ಅಲ್ಲಿಗೆ ಒಂದು ಮೇಜು ಕೊಟ್ಟಿದ್ದಾಳೆ. "ದೇವರಾದ ಯೇಸು ಕ್ರಿಸ್ತನಿಗೆ" ಸ್ಮರಣೆಯಾಗಿ ಕೊಟ್ಟದ್ದು ಎಂದು ಗ್ರೀಕಿನಲ್ಲಿ ಬರೆಸಿದ್ದಾಳೆ. ಕಾನ್‌ಸ್ಟಂಟೈನ್ ಆಗ ಹುಟ್ಟಿರಲೇ ಇಲ್ಲ. ಯಾವ ಸಭೆ ಹೇಳಿಕೊಟ್ಟು ಅವಳು ಹಾಗೆ ಬರೆಸಿದಳು?

ಹಾಗಾದರೆ ನೈಸಿಯಾದಲ್ಲಿ ಜಗಳ ಯಾತಕ್ಕೆ? ಯೇಸುವನ್ನು ಆರಾಧಿಸಬೇಕೋ ಬೇಡವೋ ಎಂಬುದಕ್ಕೆ ಅಲ್ಲ. ಅರಿಯಸ್ ಕೂಡ ಯೇಸುವನ್ನು ಆರಾಧಿಸುತ್ತಿದ್ದ. ಅವನೂ ಮಗನನ್ನು ದೇವರೆಂದೇ ಕರೆಯುತ್ತಿದ್ದ. ವಿಡಿಯೊ ಮಾಡುವವರು ಸಾಮಾನ್ಯವಾಗಿ ಇದನ್ನು ಹೇಳುವುದಿಲ್ಲ. "ಯೇಸು ಬರೀ ಮನುಷ್ಯ" ಎಂದು ಅರಿಯಸ್ ಹೇಳಿದ ಎಂದುಕೊಂಡಿರುವವರು ಅವನ ಒಂದು ಸಾಲನ್ನೂ ಓದಿಲ್ಲ.

ಅರಿಯಸ್ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಬೌಕಲಿಸ್ ಎಂಬ ಚರ್ಚಿನ ಪಾದ್ರಿ. ವಯಸ್ಸಾದವನು, ಎತ್ತರದ ಆಳು, ತಪಸ್ವಿಯ ಹಾಗೆ ಬದುಕುತ್ತಿದ್ದ ಎಂದು ಅವನ ವಿರೋಧಿಗಳೇ ಬರೆದಿದ್ದಾರೆ. ಸುಮಾರು 318ರಲ್ಲಿ ಅವನಿಗೂ ಅವನ ಬಿಷಪ್ ಅಲೆಕ್ಸಾಂಡರನಿಗೂ ತಕರಾರು ಶುರುವಾಯಿತು. ದೇವರು ಒಬ್ಬನೇ, ಅವನಿಗೆ ಆದಿಯಿಲ್ಲ, ಅವನನ್ನು ಯಾರೂ ಹುಟ್ಟಿಸಿಲ್ಲ ಎಂಬುದು ಅರಿಯಸನ ಮಾತು. ಮಗನು ತಂದೆಯಿಂದ ಬಂದವನು ಎಂದಮೇಲೆ ಅವನಿಗೆ ಆದಿ ಇರಲೇಬೇಕು. ಲೋಕಗಳಿಗಿಂತ ಮೊದಲೇ ದೇವರು ಮಗನನ್ನು ಉಂಟುಮಾಡಿದ, ಮಗನ ಮೂಲಕ ಉಳಿದದ್ದನ್ನೆಲ್ಲ ಉಂಟುಮಾಡಿದ. ಮಗನು ಎಲ್ಲ ಸೃಷ್ಟಿಗಿಂತ ಮೇಲಿನವನು, ಆದರೂ ಸೃಷ್ಟಿಯೇ. "ಮಗನು ಇಲ್ಲದೆ ಇದ್ದದ್ದೂ ಉಂಟು" ಎಂಬುದು ಆ ಬಣದ ಘೋಷಣೆಯಾಯಿತು.

ಇದನ್ನು ಅವನು ಗಾಳಿಯಲ್ಲಿ ಹೇಳಲಿಲ್ಲ. ಬೈಬಲ್ ತೆರೆದು ತೋರಿಸಿದ. ಯೋಹಾನ 14:28ರಲ್ಲಿ ಯೇಸುವೇ "ತಂದೆಯು ನನಗಿಂತ ದೊಡ್ಡವನು" ಎನ್ನುತ್ತಾನೆ. ಜ್ಞಾನೋಕ್ತಿ 8:22ರಲ್ಲಿ ಜ್ಞಾನವು ತನ್ನನ್ನು ದೇವರು ಎಲ್ಲಕ್ಕಿಂತ ಮೊದಲು ಉಂಟುಮಾಡಿದ ಎನ್ನುತ್ತದೆ. ಆ ಜ್ಞಾನವೇ ಕ್ರಿಸ್ತ ಎಂದು ಆಗ ಎರಡೂ ಕಡೆಯವರು ಒಪ್ಪುತ್ತಿದ್ದರು. ಅಲೆಕ್ಸಾಂಡರನ ಕಡೆಯವರೂ ಬೈಬಲ್ಲನ್ನೇ ಹಿಡಿದರು. "ನಾನೂ ತಂದೆಯೂ ಒಂದಾಗಿದ್ದೇವೆ" ಎಂಬ ಮಾತು ಅದೇ ಯೋಹಾನನಲ್ಲಿ, 10:30ರಲ್ಲಿ ಇದೆಯಲ್ಲ. ಆದಿಯಲ್ಲೇ ವಾಕ್ಯವಿತ್ತು, ಆ ವಾಕ್ಯ ದೇವರಾಗಿತ್ತು ಎಂದೇ ಆ ಸುವಾರ್ತೆ ಶುರುವಾಗುತ್ತದೆ. ತಂದೆಗೆ ಮಗನಿಲ್ಲದ ಹೊತ್ತು ಇತ್ತು ಎಂದರೆ ಆ ಹೊತ್ತಿನಲ್ಲಿ ಅವನು ತಂದೆಯೇ ಅಲ್ಲ ಎಂದಾಯಿತು. ದೇವರು ಬದಲಾದ ಎಂದಾಯಿತು.

ಅಲೆಕ್ಸಾಂಡರನ ನಂತರ ಬಿಷಪ್ ಆದ ಅಥನಾಸಿಯಸ್‌ಗೆ ಇನ್ನೊಂದು ಸಂಗತಿ ಮುಖ್ಯವಾಗಿತ್ತು. ಮಗನು ಸೃಷ್ಟಿಯಾದವನೇ ಆಗಿದ್ದರೆ ಅವನಿಗೂ ನಮಗೂ ಇರುವ ದೂರ ಎಷ್ಟೇ ದೊಡ್ಡದಿರಲಿ, ದೇವರ ಮುಂದೆ ಅವನೂ ನಾವೂ ಒಂದೇ ದಡದವರು. ಹಾಗಿದ್ದರೆ ನಮ್ಮನ್ನು ದೇವರ ಹತ್ತಿರ ಸೇರಿಸಲು ಅವನಿಂದ ಹೇಗೆ ಆಗುತ್ತದೆ? ದೇವರೇ ಇಳಿದು ಬಂದನೇ, ಇಲ್ಲವೇ ಒಬ್ಬ ದೊಡ್ಡ ದೂತನನ್ನು ಕಳಿಸಿ ತಾನು ದೂರ ಉಳಿದನೇ? ಸುಮ್ನೆ ಪದಗಳಿಗೆ ಕಿತ್ತಾಡಿದರು ಎಂದು ಹೇಳುವವರಿಗೆ ಈ ಪ್ರಶ್ನೆಯ ಭಾರ ತಿಳಿದಿಲ್ಲ. ಶಿಲುಬೆಯ ಮೇಲೆ ಸತ್ತವನು ಯಾರು ಎಂಬುದೇ ಇಲ್ಲಿರುವ ಪ್ರಶ್ನೆ.

ಇಬ್ಬರು ಪಾದ್ರಿಗಳ ವಾದ ಇಡೀ ಸಾಮ್ರಾಜ್ಯಕ್ಕೆ ಹಬ್ಬಿದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಅಲೆಕ್ಸಾಂಡ್ರಿಯದಲ್ಲಿ ಪಾದ್ರಿಗಳಿಗೆ ಸ್ವಾತಂತ್ರ್ಯ ಹೆಚ್ಚಿತ್ತು, ಬಿಷಪ್ಪನಿಗೆ ಎದುರಾಡುವವರು ಮೊದಲೂ ಇದ್ದರು. ಹಿಂಸೆಯ ಕಾಲದ ಗಾಯದಿಂದ ಹುಟ್ಟಿದ ಮೆಲೇಶಿಯನ್ ಎಂಬ ಇನ್ನೊಂದು ಒಡಕು ಈಜಿಪ್ಟಿನಲ್ಲಿ ಆಗಲೇ ಇತ್ತು. ಅರಿಯಸನಿಗೆ ದೊಡ್ಡ ದೊಡ್ಡ ಊರುಗಳಲ್ಲಿ ಬೆಂಬಲಿಗರಿದ್ದರು. ನಿಕೊಮೇದ್ಯದ ಬಿಷಪ್ ಯುಸೇಬಿಯಸ್ ಅವರಲ್ಲಿ ಪ್ರಮುಖ. ಅರಿಯಸ್ ತನ್ನ ಮಾತನ್ನು ಹಾಡು ಮಾಡಿ ಹಡಗಿನವರ, ಬೀಸುವವರ, ದಾರಿಹೋಕರ ಬಾಯಿಗೆ ಹಾಕಿದ ಎಂದು ಅವನ ಪಕ್ಷದ ಇತಿಹಾಸಕಾರನೇ ಬರೆದಿದ್ದಾನೆ. ಅದರ ಮೇಲೆ ಚಕ್ರವರ್ತಿ ಬಂದ. 324ರಲ್ಲಿ ಲಿಸಿನಿಯಸನನ್ನು ಸೋಲಿಸಿ ಕಾನ್‌ಸ್ಟಂಟೈನ್ ಇಡೀ ಸಾಮ್ರಾಜ್ಯಕ್ಕೆ ಒಬ್ಬನೇ ಒಡೆಯನಾದ. ಅವನಿಗೆ ಬೇಕಾದದ್ದು ಒಗ್ಗಟ್ಟು. ಸ್ಪೇನಿನ ಕೊರ್ಡೊಬದ ಬಿಷಪ್ ಹೊಸಿಯಸ್ ಕೈಯಲ್ಲಿ ಅಲೆಕ್ಸಾಂಡರನಿಗೂ ಅರಿಯಸನಿಗೂ ಸೇರಿಸಿ ಒಂದೇ ಪತ್ರ ಕಳಿಸಿದ. ಇಷ್ಟು ಚಿಕ್ಕ ವಿಷಯಕ್ಕೆ ಯಾಕೆ ಜಗಳ, ರಾಜಿಯಾಗಿ ಎಂಬುದು ಅದರ ಸಾರ. ಅವರು ರಾಜಿಯಾಗಲಿಲ್ಲ. ಅವನು ಸಭೆ ಕರೆದ.

ಇಂದಿನ ಟರ್ಕಿಯ ಇಜ್ನಿಕ್ ಊರೇ ನೈಸಿಯಾ. ಬಂದ ಬಿಷಪ್ಪರು 318 ಎಂದು ಪರಂಪರೆ ಹೇಳುತ್ತದೆ. ಆ ಸಂಖ್ಯೆ ಆದಿಕಾಂಡದಲ್ಲಿ ಅಬ್ರಹಾಮನ ಜೊತೆ ಯುದ್ಧಕ್ಕೆ ಹೋದ 318 ಮಂದಿಯನ್ನು ನೆನೆದು ಬಂದದ್ದು. ಅಲ್ಲಿ ಕೂತಿದ್ದ ಕೈಸರೈಯದ ಬಿಷಪ್ ಯುಸೇಬಿಯಸ್ (ನಿಕೊಮೇದ್ಯದವನಲ್ಲ, ಇವನು ಬೇರೆ) 250ಕ್ಕಿಂತ ಹೆಚ್ಚು ಎನ್ನುತ್ತಾನೆ. ಪಶ್ಚಿಮದಿಂದ ಬಂದವರು ಬೆರಳೆಣಿಕೆ. ರೋಮಿನ ಬಿಷಪ್ ತಾನು ಬರದೆ ಇಬ್ಬರು ಪಾದ್ರಿಗಳನ್ನು ಕಳಿಸಿದ.

ಆ ಬಿಷಪ್ಪರು ಯಾರು ಎಂದು ಮಕ್ಕಳಿಗೆ ಖಂಡಿತ ಹೇಳಿ. 303ರಲ್ಲಿ ದೊಡ್ಡ ಹಿಂಸೆ ಶುರುವಾಗಿತ್ತು. ಚರ್ಚುಗಳನ್ನು ಕೆಡವಿ, ಗ್ರಂಥಗಳನ್ನು ಸುಟ್ಟು, ಪಾದ್ರಿಗಳನ್ನು ಹಿಡಿದು ಚಿತ್ರಹಿಂಸೆ ಕೊಟ್ಟಿದ್ದರು. ಅದಾಗಿ ಬರೀ 22 ವರ್ಷ. ಈಜಿಪ್ಟಿನ ಪಫ್ನೂಷಿಯಸ್‌ಗೆ ಒಂದು ಕಣ್ಣು ಕಿತ್ತಿದ್ದರು. ನಿಯೊಕೈಸರೈಯದ ಪೌಲನ ಎರಡು ಕೈಗಳೂ ಕಾದ ಕಬ್ಬಿಣದಿಂದ ಸುಟ್ಟು ನಿಷ್ಕ್ರಿಯವಾಗಿದ್ದವು. ಹಳೆಯ ಇತಿಹಾಸಕಾರರು ಇದನ್ನು ಬರೆದಿಟ್ಟಿದ್ದಾರೆ. ಸಭೆ ಮುಗಿದ ಮೇಲೆ ಚಕ್ರವರ್ತಿ ಔತಣ ಕೊಟ್ಟ. ಕತ್ತಿ ಹಿರಿದು ನಿಂತ ಕಾವಲುಗಾರರ ನಡುವೆ ಇವರು ಹೆದರದೆ ಒಳಗೆ ನಡೆದರು ಎಂದು ಕೈಸರೈಯದ ಯುಸೇಬಿಯಸ್ ಬೆರಗಿನಿಂದ ಹೇಳುತ್ತಾನೆ. ಇಂಥವರು ತಮ್ಮ ನಂಬಿಕೆಯನ್ನು ಚಕ್ರವರ್ತಿಯ ಒಂದು ಮಾತಿಗೆ ತಿರುಗಿಸಿಕೊಂಡರು ಎಂದು ನನಗೆ ಅನ್ನಿಸುವುದಿಲ್ಲ. ಅವನ ಉಡುಗೊರೆ, ಅವನ ಮರ್ಯಾದೆ ಅವರ ಕಣ್ಣು ಕೋರೈಸಿತು ಎಂಬುದನ್ನೂ ಅಲ್ಲಗಳೆಯಲಾರೆ.

ಅಲ್ಲಿ ನಡೆದದ್ದು "ದೇವರು ಹೌದೋ ಅಲ್ಲವೋ" ಎಂಬ ಓಟು ಅಲ್ಲ. ಒಂದು ಹೇಳಿಕೆ ಬರೆದು ಸಹಿ ಕೇಳಿದರು. ಮಗನು ಹುಟ್ಟಿದವನು, ಉಂಟುಮಾಡಲ್ಪಟ್ಟವನಲ್ಲ, ತಂದೆಯೊಂದಿಗೆ ಒಂದೇ ಸತ್ವದವನು ಎಂದು ಅದರಲ್ಲಿತ್ತು. ಈ "ಒಂದೇ ಸತ್ವ" ಎಂಬ ಮಾತು ಬೈಬಲ್ಲಿನಲ್ಲಿ ಇಲ್ಲ. ಅದಕ್ಕೇ ಬಹಳ ಮಂದಿಗೆ ಮುಜುಗರವಾಯಿತು. ತಂದೆ, ಮಗ ಎಂಬುದು ಒಬ್ಬನೇ ದೇವರ ಎರಡು ವೇಷ ಎಂದು ಹಿಂದೆ ಸಬೆಲ್ಲಿಯಸ್ ಹೇಳಿದ್ದ. ಈ ಪದ ಮತ್ತೆ ಅಲ್ಲಿಗೇ ಒಯ್ಯುತ್ತದೆ ಎಂಬ ಭಯ ಅವರಿಗೆ. ಆದರೂ ಹೆಚ್ಚಿನವರು ಸಹಿ ಹಾಕಿದರು. ಲಿಬ್ಯದ ಇಬ್ಬರು ಬಿಷಪ್ಪರು, ಸೆಕುಂದಸ್ ಮತ್ತು ಥೆಯೋನಸ್, ಹಾಕಲಿಲ್ಲ. ಅವರೂ ಅರಿಯಸನೂ ಗಡಿಪಾರಾದರು.

ವಿಡಿಯೊ ಇಲ್ಲಿಗೆ ನಿಲ್ಲುತ್ತದೆ, ಅಲ್ವಾ? ನಮ್ಮ ಹಳೆಯ ಪಾಠಪುಸ್ತಕಗಳೂ ಇಲ್ಲಿಗೇ ನಿಲ್ಲುತ್ತವೆ. ಅಸಲಿ ಕಥೆ ಇರುವುದು ಇದರ ಮುಂದೆ.

ಮೂರು ವರ್ಷ ಆಗುವಷ್ಟರಲ್ಲಿ ಗಾಳಿ ತಿರುಗಿತು. ಅರಿಯಸ್ ಒಂದು ಮೃದುವಾದ ಹೇಳಿಕೆ ಬರೆದುಕೊಟ್ಟ, ಚಕ್ರವರ್ತಿ ಅವನನ್ನು ವಾಪಸ್ ಕರೆಸಿದ. ನಿಕೊಮೇದ್ಯದ ಯುಸೇಬಿಯಸ್ ಕೂಡ ಗಡಿಪಾರಾಗಿದ್ದವನು, ಅವನೂ ಮರಳಿ ಅರಮನೆಗೆ ಹತ್ತಿರವಾದ. 328ರಲ್ಲಿ ಬಿಷಪ್ ಆದ ಅಥನಾಸಿಯಸ್ ಮೇಲೆ ಆರೋಪಗಳ ಮಳೆ ಸುರಿಯಿತು. ಅರ್ಸೆನಿಯಸ್ ಎಂಬ ಮೆಲೇಶಿಯನ್ ಬಿಷಪ್ಪನನ್ನು ಕೊಲ್ಲಿಸಿ, ಅವನ ಕೈ ಕತ್ತರಿಸಿ ಮಾಟಕ್ಕೆ ಇಟ್ಟುಕೊಂಡಿದ್ದಾನೆ ಎಂಬುದು ಒಂದು. ಸಾಕ್ಷಿಗೆ ಒಂದು ಒಣಗಿದ ಕೈಯನ್ನೂ ತೋರಿಸಿದರು. 335ರಲ್ಲಿ ತೂರ್ ಪಟ್ಟಣದ ವಿಚಾರಣೆಗೆ ಅಥನಾಸಿಯಸ್ ಮುಸುಕು ಹೊದ್ದ ಒಬ್ಬನನ್ನು ಕರೆತಂದ. ಮುಸುಕು ತೆಗೆದರೆ ಅರ್ಸೆನಿಯಸ್, ಜೀವಂತ. ಹೊದಿಕೆ ಸರಿಸಿ ಒಂದು ಕೈ ತೋರಿಸಿದ, ಆಮೇಲೆ ಇನ್ನೊಂದು. ಮೂರನೆಯ ಕೈ ಎಲ್ಲಿಂದ ಕತ್ತರಿಸಿದ್ದು ಎಂದು ಯಾರಾದರೂ ಹೇಳಿ ಎಂದ. ಸಭೆಯ ಇತಿಹಾಸ ಬರೆದ ಸಾಕ್ರಟೀಸ್ (ತತ್ವಜ್ಞಾನಿ ಸಾಕ್ರಟೀಸ್ ಅಲ್ಲ) ಈ ಪ್ರಸಂಗವನ್ನು ಹೇಳುತ್ತಾನೆ.

ಆದರೂ ಅವನು ಗೆಲ್ಲಲಿಲ್ಲ. ಅಲೆಕ್ಸಾಂಡ್ರಿಯದಿಂದ ಕಾನ್‌ಸ್ಟಾಂಟಿನೋಪಲ್ಲಿಗೆ ಹೋಗುವ ಧಾನ್ಯದ ಹಡಗುಗಳನ್ನು ತಡೆಯುತ್ತೇನೆ ಎಂದು ಹೆದರಿಸಿದ ಎಂಬ ದೂರು ಬಂತು. ರಾಜಧಾನಿಯ ಅನ್ನಕ್ಕೆ ಕೈ ಹಾಕಿದವನನ್ನು ಯಾವ ಚಕ್ರವರ್ತಿ ಬಿಡುತ್ತಾನೆ? ಕಾನ್‌ಸ್ಟಂಟೈನ್ ಅವನನ್ನು ದೂರದ ಟ್ರಿಯರ್ ಊರಿಗೆ ಗಡಿಪಾರು ಮಾಡಿದ. ಅಥನಾಸಿಯಸ್ ಒಟ್ಟು ಐದು ಸಲ ಗಡಿಪಾರಾದ. 45 ವರ್ಷದ ಬಿಷಪ್ ಪದವಿಯಲ್ಲಿ ಸುಮಾರು 17 ವರ್ಷ ಊರ ಹೊರಗೇ ಕಳೆದ. ಕಾನ್‌ಸ್ಟಂಟೈನ್ 337ರಲ್ಲಿ ಸಾಯುವ ಮೊದಲು ದೀಕ್ಷಾಸ್ನಾನ ಪಡೆದ. ಕೊಟ್ಟವನು ಅರಿಯಸನ ಗೆಳೆಯ, ಅದೇ ನಿಕೊಮೇದ್ಯದ ಯುಸೇಬಿಯಸ್.

ಅವನ ಮಗ ಕಾನ್‌ಸ್ಟಾಂಶಿಯಸ್ ನೈಸಿಯಾದ ಮಾತಿಗೆ ನೇರವಾಗಿಯೇ ವಿರುದ್ಧವಾಗಿದ್ದ. 357ರಲ್ಲಿ "ಸತ್ವ" ಎಂಬ ಪದವನ್ನೇ ಬಳಸಬಾರದು ಎಂಬ ಹೇಳಿಕೆ ಹೊರಟಿತು. ಅದಕ್ಕೆ ಸಹಿ ಹಾಕಿದವರಲ್ಲಿ ಕೊರ್ಡೊಬದ ಹೊಸಿಯಸ್ ಒಬ್ಬ. ಕಾನ್‌ಸ್ಟಂಟೈನನ ಪತ್ರ ಹೊತ್ತು ಹೋಗಿದ್ದ ಅದೇ ಹೊಸಿಯಸ್. ನೂರರ ಹತ್ತಿರದ ಮುದುಕನನ್ನು ಒಂದು ವರ್ಷ ಹಿಡಿದಿಟ್ಟು, ಒತ್ತಾಯ ಮಾಡಿ ಸಹಿ ತೆಗೆದುಕೊಂಡರು. 359ರಲ್ಲಿ ಇಟಲಿಯ ಅರಿಮಿನಮ್‌ನಲ್ಲಿ 400ಕ್ಕೂ ಹೆಚ್ಚು ಬಿಷಪ್ಪರು ಸೇರಿದರು. ಮೊದಲು ಹೆಚ್ಚಿನವರು ನೈಸಿಯಾದ ಕಡೆಗೇ ನಿಂತರು. ಅವರನ್ನು ಮನೆಗೆ ಹೋಗಲು ಬಿಡದೆ ಚಳಿಗಾಲ ಬರುವವರೆಗೆ ಕೂರಿಸಿ, ಕೊನೆಗೆ ಬೇರೆ ಹೇಳಿಕೆಗೆ ಸಹಿ ಹಾಕಿಸಿದರು. ಇಡೀ ಲೋಕ ನರಳಿತು, ತಾನು ಅರಿಯಸನ ಪಕ್ಷವಾದದ್ದನ್ನು ಕಂಡು ಬೆರಗಾಯಿತು ಎಂದು, ಬೈಬಲ್ಲನ್ನು ಲ್ಯಾಟಿನ್ನಿಗೆ ಅನುವಾದಿಸಿದ ಜೆರೋಮ್ ಬರೆದದ್ದು ಇದನ್ನೇ.

ನಿಮ್ಮ ಹುಡುಗನಿಗೆ ಈ ಜಾಗವನ್ನು ತೋರಿಸಿ. ಓಟಿನ ಲೆಕ್ಕದಿಂದ ಸಿದ್ಧಾಂತ ನಿಂತಿತು ಎನ್ನುವುದಾದರೆ ಅರಿಮಿನಮ್‌ನಲ್ಲಿ ನೈಸಿಯಾಕ್ಕಿಂತ ಹೆಚ್ಚು ಜನ ಇದ್ದರು. ಚಕ್ರವರ್ತಿಯ ಬಲದಿಂದ ನಿಂತಿತು ಎನ್ನುವುದಾದರೆ ಆ ಬಲ ದಶಕಗಟ್ಟಲೆ ಎದುರು ಕಡೆಗಿತ್ತು. ಎರಡು ಲೆಕ್ಕದಲ್ಲೂ ನೈಸಿಯಾ ಅಲ್ಲಿಗೇ ಮಣ್ಣು ಸೇರಬೇಕಿತ್ತು. ಸೇರಲಿಲ್ಲ.

ಯಾಕೆ ಸೇರಲಿಲ್ಲ? ನನ್ನ ಅಭಿಪ್ರಾಯದಲ್ಲಿ ಮುಖ್ಯ ಕಾರಣ ಆರಾಧನೆ. ಜನ ತಂದೆ, ಮಗ, ಪವಿತ್ರಾತ್ಮ ಎಂಬ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆಯುತ್ತಿದ್ದರು, ಕ್ರಿಸ್ತನಿಗೆ ಪ್ರಾರ್ಥಿಸುತ್ತಿದ್ದರು. ಸೃಷ್ಟಿಗೆ ಆರಾಧನೆ ಮಾಡಬಾರದು ಎಂದೂ ನಂಬಿದ್ದರು. ಅರಿಯಸನ ಮಾತು ಈ ಎರಡನ್ನೂ ಜೊತೆಗಿಡಲು ಬಿಡುತ್ತಿರಲಿಲ್ಲ. ಎರಡನೆಯ ಕಾರಣ, ಕೆಲವರು ಕೂತು ಒಬ್ಬರ ಮಾತು ಒಬ್ಬರು ಕೇಳಿಸಿಕೊಂಡದ್ದು. 362ರಲ್ಲಿ ಗಡಿಪಾರಿನಿಂದ ಬಂದ ಅಥನಾಸಿಯಸ್ ಅಲೆಕ್ಸಾಂಡ್ರಿಯದಲ್ಲಿ ಒಂದು ಚಿಕ್ಕ ಸಭೆ ನಡೆಸಿದ. ದೇವರಲ್ಲಿ ಮೂವರು ಎನ್ನುವವರಿದ್ದರು, ಒಂದೇ ಎನ್ನುವವರಿದ್ದರು. ಎರಡೂ ಕಡೆಯವರು ಬಳಸುತ್ತಿದ್ದದ್ದು ಒಂದೇ ಗ್ರೀಕ್ ಪದ, ಅರ್ಥ ಮಾತ್ರ ಬೇರೆ. ಮೊದಲಿನವರನ್ನು ಕೇಳಿದರು: ನಿಮ್ಮ ಮಾತಿಗೆ ಮೂರು ಬೇರೆ ಬೇರೆ ದೇವರು ಎಂದು ಅರ್ಥವೇ? ಇಲ್ಲ ಎಂದರು. ಎರಡನೆಯವರನ್ನು ಕೇಳಿದರು: ಸಬೆಲ್ಲಿಯಸ್ ಹೇಳಿದ ಹಾಗೆ ಮಗ ಎಂಬುದು ಬರೀ ಹೆಸರೇ? ಇಲ್ಲ ಎಂದರು. ಅಂದಮೇಲೆ ಇಬ್ಬರೂ ಹೇಳುತ್ತಿರುವುದು ಒಂದನ್ನೇ. ಆ ಸಭೆಯ ಪತ್ರ ಇವತ್ತಿಗೂ ಓದಲು ಸಿಗುತ್ತದೆ. ನೈಸಿಯಾದಷ್ಟು ಹೆಸರು ಅದಕ್ಕಿಲ್ಲ. ಗೆಲುವು ಶುರುವಾದದ್ದು ಅಲ್ಲಿಂದ ಎಂದು ನಾನು ಪಾಠದಲ್ಲಿ ಯಾವಾಗಲೂ ಹೇಳುತ್ತೇನೆ. ಮುಂದೆ ಕಪ್ಪದೋಕ್ಯದ ಬಸಿಲ್, ಅವನ ತಮ್ಮ ನಿಸ್ಸದ ಗ್ರೆಗರಿ, ಅವರ ಗೆಳೆಯ ನಜಿಯಾಂಜಸ್‌ನ ಗ್ರೆಗರಿ ಇದನ್ನೇ ತೂಕದ ಮಾತಿನಲ್ಲಿ ಬಿಡಿಸಿಟ್ಟರು.

ಬೀದಿ ಬೀದಿಯಲ್ಲಿ ಇದೇ ಮಾತು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಚಿಲ್ಲರೆ ಕೇಳಿದರೆ ಹುಟ್ಟಿದವನು, ಹುಟ್ಟದವನು ಎಂದು ವಾದಕ್ಕೆ ನಿಲ್ಲುತ್ತಾರೆ, ರೊಟ್ಟಿಯ ಬೆಲೆ ಕೇಳಿದರೆ ತಂದೆ ದೊಡ್ಡವನು ಎನ್ನುತ್ತಾರೆ, ಸ್ನಾನಕ್ಕೆ ನೀರು ರೆಡಿಯೇ ಎಂದರೆ ಮಗನು ಶೂನ್ಯದಿಂದ ಬಂದವನು ಎನ್ನುತ್ತಾರೆ ಎಂದು ನಿಸ್ಸದ ಗ್ರೆಗರಿ ಬೇಸರದಿಂದ ಹೇಳುತ್ತಾನೆ. ರೊಟ್ಟಿ ಮಾರುವವನಿಗೂ ಇದು ತನ್ನ ವಿಷಯ ಅನ್ನಿಸಿತ್ತು ಎಂಬುದು ನನಗೆ ಇದರಲ್ಲಿ ಕಾಣುತ್ತದೆ.

ಈಗ ವಿಡಿಯೊ ಸರಿ ಇರುವ ಕಡೆ. ಅರಿಯಸನ ಬರಹಗಳನ್ನು ಸುಡಬೇಕು, ಬಚ್ಚಿಟ್ಟವನಿಗೆ ಮರಣದಂಡನೆ ಎಂದು ಕಾನ್‌ಸ್ಟಂಟೈನ್ ಆಜ್ಞೆ ಹೊರಡಿಸಿದ್ದು ನಿಜ. ಅದಕ್ಕೇ ಅರಿಯಸನ ಹಾಡು ಇವತ್ತು ವಿರೋಧಿಗಳು ಎತ್ತಿ ಬರೆದ ತುಣುಕುಗಳಲ್ಲಿ ಮಾತ್ರ ಸಿಗುತ್ತದೆ. ಅಥನಾಸಿಯಸನ ಬೆಂಬಲಿಗರು ಮೆಲೇಶಿಯನ್ನರನ್ನು ಹೊಡೆದು ಬಡಿದದ್ದನ್ನು ಹೇಳುವ ಆ ಕಾಲದ ಪಪೈರಸ್ ಪತ್ರ ಈಜಿಪ್ಟಿನಲ್ಲಿ ಸಿಕ್ಕಿದೆ. ಕೊನೆಗೆ 380ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ನೈಸಿಯಾದ ನಂಬಿಕೆಯೇ ಎಲ್ಲ ಪ್ರಜೆಗಳ ನಂಬಿಕೆಯಾಗಬೇಕು ಎಂದು ಆಜ್ಞೆ ಮಾಡಿದ. 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಸಭೆ ಅದನ್ನು ಗಟ್ಟಿ ಮಾಡಿತು. ಮುಗಿಸುವ ಹೊತ್ತಿಗೆ ಸರ್ಕಾರದ ಕೈ ಇತ್ತು, ಸುಳ್ಳು ಹೇಳಬಾರದು. 385ರ ಸುಮಾರಿಗೆ ಟ್ರಿಯರ್‌ನಲ್ಲಿ ಪ್ರಿಸಿಲಿಯನ್ ಎಂಬ ಬಿಷಪ್ಪನ ತಲೆ ತೆಗೆಸಿದರು. ಅವನ ಮೇಲೆ ದೂರು ಹೊತ್ತು ಹೋದವರು ಬಿಷಪ್ಪರೇ. ಇಂದಿನ ಫ್ರಾನ್ಸಿನ ಟೂರ್ಸ್ ಊರಿನ ಬಿಷಪ್ ಮಾರ್ಟಿನ್, ಮಿಲಾನಿನ ಬಿಷಪ್ ಅಂಬ್ರೋಸ್ ಅದನ್ನು ಕಟುವಾಗಿ ವಿರೋಧಿಸಿದರು. ಹಿಂಸೆ ಉಂಡ ಸಭೆ ನೂರು ವರ್ಷದೊಳಗೆ ಹಿಂಸೆ ಕೊಡುವ ಕಡೆಗೆ ಬಂದದ್ದು ನನಗೆ ಈಗಲೂ ನೋವಿನ ಸಂಗತಿ.

ಇನ್ನು ಮಕ್ಕಳಿಗೆ ಏನು ಹೇಳುವುದು? ನಿಮ್ಮ ಹಿರಿಯರು ಹೇಳಿದ ಹಾಗೆ ಸುಮ್ಮನಿರುವುದು ಒಂದು ದಾರಿ. ಅವರ ಆತಂಕ ನನಗೆ ಅರ್ಥವಾಗುತ್ತದೆ, ಅವರನ್ನು ಹಗುರವಾಗಿ ನೋಡಬೇಡಿ. ಆದರೆ ವಿಡಿಯೊ ಆಗಲೇ ಹುಡುಗನ ಕೈಯಲ್ಲಿದೆ. ನೀವು ಬಾಯಿ ಮುಚ್ಚಿದರೆ ಟೀಚರಿಗೆ ಉತ್ತರವಿಲ್ಲ ಎಂದು ಅವನು ತಿಳಿಯುತ್ತಾನೆ.

ಅರಿಯಸನನ್ನು ಖಳನಾಯಕ ಮಾಡಿ ಹೇಳುವುದು ಇನ್ನೊಂದು. ಹಳೆಯ ಪುಸ್ತಕಗಳಲ್ಲಿ ಇರುವುದು ಹೆಚ್ಚಾಗಿ ಇದೇ. 336ರಲ್ಲಿ ಅವನು ಕಾನ್‌ಸ್ಟಾಂಟಿನೋಪಲ್ಲಿನ ಶೌಚಾಲಯದಲ್ಲಿ ಹೊಟ್ಟೆ ಒಡೆದು ಸತ್ತ, ದೇವರ ಶಿಕ್ಷೆ ಎಂಬ ಕಥೆಯನ್ನು ಮಕ್ಕಳಿಗೆ ರಸವತ್ತಾಗಿ ಹೇಳುತ್ತಾರೆ. ಆ ಕಥೆ ನಮಗೆ ಬಂದದ್ದು ಅವನ ಕಡು ವಿರೋಧಿ ಅಥನಾಸಿಯಸನ ಪತ್ರದಿಂದ. ನಾನಂತೂ ಹೇಳುವುದಿಲ್ಲ. ಎದುರಾಳಿಯ ಸಾವನ್ನು ನೋಡಿ ಖುಷಿಪಡುವುದನ್ನು ಮಕ್ಕಳಿಗೆ ಕಲಿಸಿದ ಹಾಗಾಗುತ್ತದೆ. ಮುಂದೆ ಕಾಲೇಜಿಗೆ ಹೋಗಿ ಅರಿಯಸನ ವಾದವನ್ನು ಅವರೇ ಓದಿದಾಗ, ಟೀಚರ್ ಇಷ್ಟೂ ಹೇಳಲಿಲ್ಲವಲ್ಲ ಎಂದು ಉಳಿದದ್ದನ್ನೂ ಬಿಟ್ಟುಬಿಡುತ್ತಾರೆ. ಹೀಗೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಎಲ್ಲವೂ ರಾಜಕೀಯ ಎಂದು ಒಂದೇ ಏಟಿಗೆ ಒಪ್ಪಿಕೊಳ್ಳುವವರೂ ಇದ್ದಾರೆ. ಪ್ರಾಮಾಣಿಕವಾಗಿ ಕಾಣುತ್ತದೆ, ಆದರೆ ಅಕೆಪ್ತೂಸಳ ಮೇಜಿಗೂ ಅರಿಮಿನಮ್‌ಗೂ ಅದರಲ್ಲಿ ಉತ್ತರ ಇಲ್ಲ.

ನಾನಾಗಿದ್ದರೆ ಪೂರ್ತಿ ಕಥೆ ಹೇಳುತ್ತೇನೆ. ಮೊದಲ ಭಾನುವಾರ ಯಾರು ಸರಿ ಎಂದು ಹೇಳದೆಯೇ ಎರಡೂ ಕಡೆಯ ವಚನಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಮಕ್ಕಳೇ ಬೈಬಲ್ ತೆರೆದು ಓದಲಿ, ಅವರೇ ವಾದ ಮಾಡಲಿ. ಎರಡನೇ ಭಾನುವಾರ ಪ್ಲಿನಿ, ಮೆಗಿದ್ದೋ, ನೈಸಿಯಾ, ಅರಿಮಿನಮ್ ಹೇಳಿ. ಸುಟ್ಟ ಪುಸ್ತಕಗಳನ್ನೂ ಹೇಳಿ. ಇದರಲ್ಲೂ ಅಪಾಯವಿದೆ. ನನ್ನ ತರಗತಿಯಲ್ಲಿ ಹೆಚ್ಚುಕಡಿಮೆ ಪ್ರತಿವರ್ಷ ಯಾರಾದರೊಬ್ಬರು ಅರಿಯಸನ ಪಕ್ಷ ಹಿಡಿಯುತ್ತಾರೆ. ನಿಮ್ಮಲ್ಲೂ ಒಂದು ಮಗು ಹಿಡಿಯಬಹುದು, ಮನೆಗೆ ಹೋಗಿ ಹೇಳಬಹುದು, ತಂದೆತಾಯಿ ದೂರು ತರಬಹುದು. ಅದಕ್ಕೆ ಸಭಾಪಾಲಕರಿಗೆ ಮೊದಲೇ ತಿಳಿಸಿ, ಆ ಹಿರಿಯರನ್ನೂ ತರಗತಿಗೆ ಕರೆದು ಕೂರಿಸಿಕೊಳ್ಳಿ. ಅರಿಯಸನ ಕಡೆ ನಿಂತ ಮಗುವನ್ನು ಎಲ್ಲರ ಮುಂದೆ ಗದರಬೇಡಿ. ಅಲೆಕ್ಸಾಂಡರ್ ಎತ್ತಿದ ಪ್ರಶ್ನೆಯನ್ನೇ ಕೇಳಿ: ಮಗನಿಲ್ಲದ ಹೊತ್ತಿನಲ್ಲಿ ದೇವರು ತಂದೆಯಾಗಿದ್ದನೇ? ಆ ಪ್ರಶ್ನೆಯನ್ನು ಮಗು ವಾರಪೂರ್ತಿ ಹೊತ್ತು ತಿರುಗಲಿ.

ಒಂದು ಮಾತನ್ನು ಅವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಕ್ರೈಸ್ತರು ಮೊದಲಿನಿಂದ ಯೇಸುವನ್ನು ಆರಾಧಿಸಿದರು ಎಂದು ಚರಿತ್ರೆ ತೋರಿಸಬಲ್ಲದು. ಆ ಆರಾಧನೆ ಸರಿಯೇ ಎಂದು ಅದು ತೋರಿಸಲಾರದು. ಅದು ನಂಬಿಕೆಯ ವಿಷಯ. ನಾನು ನಂಬುತ್ತೇನೆ. ಪಾಠ ಮಾಡುವಾಗ ಮಾತ್ರ ಈ ಎರಡನ್ನೂ ಬೇರೆ ಬೇರೆ ಇಡುತ್ತೇನೆ.

ನೀವು ಸಂಸ್ಕಾರದ ಆರಾಧನೆಯಲ್ಲಿ ಹೇಳುವ ಪ್ರಮಾಣ 325ರ ಅದೇ ಪಾಠ ಅಲ್ಲ. ಅದು 381ರ ಸಭೆಯದು ಎಂದು 451ರಲ್ಲಿ ಕಾಲ್ಸಿಡಾನ್ ಸಭೆಯಲ್ಲಿ ಓದಿದ ರೂಪ. 325ರದ್ದು "ಪವಿತ್ರಾತ್ಮನಲ್ಲಿಯೂ" ಎಂಬಲ್ಲಿಗೆ ಮುಗಿದು, ಆಮೇಲೆ ಅರಿಯಸನ ಮಾತು ಹೇಳುವವರ ಮೇಲೆ ಶಾಪ ಹಾಕುತ್ತಿತ್ತು. ನಾವು ಹೇಳುವುದರಲ್ಲಿ ಶಾಪ ಇಲ್ಲ, ಅದು ಒಳ್ಳೆಯದೇ ಆಯಿತು. 451ರ ಸಭೆಯಿಂದ ಇನ್ನೊಂದು ದೊಡ್ಡ ಒಡಕು ಹುಟ್ಟಿತು. ಅದರ ಗುರುತು ನಮ್ಮ ಕರ್ನಾಟಕದಲ್ಲೂ ಇದೆ. ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಸಿರಿಯನ್ ಸಭೆಯೊಂದಿದೆ. ಅವರ ಪರಂಪರೆ ಕಾಲ್ಸಿಡಾನನ್ನು ಒಪ್ಪುವುದಿಲ್ಲ. ಅದೇ ಜಿಲ್ಲೆಯ ಕಥೋಲಿಕರು ಒಪ್ಪುತ್ತಾರೆ. ನೈಸಿಯ ಪ್ರಮಾಣವನ್ನು ಎರಡೂ ಕಡೆ ಹೇಳುತ್ತಾರೆ.

ಅದನ್ನು ಹೇಳುವಾಗ ನಾಲಿಗೆ ತಡವರಿಸುತ್ತದೆ ಎಂದು ಬರೆದಿದ್ದೀರಿ. 325ರಲ್ಲಿ ಸಹಿ ಹಾಕಿದ ಕೈಸರೈಯದ ಯುಸೇಬಿಯಸ್‌ಗೂ ಹಾಗೇ ಆಗಿತ್ತು. ಆ ಪದವನ್ನು ಯಾಕೆ ಒಪ್ಪಿದೆ, ಯಾವ ಅರ್ಥದಲ್ಲಿ ಒಪ್ಪಿದೆ, ಎಲ್ಲಿ ತಡೆದು ನಿಂತೆ ಎಂದು ತನ್ನ ಊರಿನ ಸಭೆಗೆ ಉದ್ದದ ಪತ್ರ ಬರೆದ. ಆ ಪತ್ರ ಉಳಿದಿದೆ, ಇಂಗ್ಲಿಷಿನಲ್ಲಿ ಸಿಗುತ್ತದೆ. ಮಕ್ಕಳಿಗೆ ಪಾಠ ಶುರು ಮಾಡುವ ಮೊದಲು ನೀವು ಅದನ್ನು ಒಮ್ಮೆ ಓದಿ.